ಮಂಚದ ಮೇಲಿನ ಟೇಪ್ ರೆಕಾರ್ಡರ್

ನಮ್ಮ ಮಗಳಿಗೆ ಕಿವಿ ಕೇಳಿಸುತ್ತದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ನಾನು ರಾಮತೀರ್ಥ ನಗರದ ಬಾಡಿಗೆ ಮನೆಯಲ್ಲಿ ಒಂದಿಡೀ ಮಳೆಗಾಲ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದ್ದೇನೆ. ಅವಳ ಬೆನ್ನ ಹಿಂದೆ ಚಪ್ಪಾಳೆ ತಟ್ಟಿದ್ದೇನೆ, ತಾಟು ಬಡಿದಿದ್ದೇನೆ, ಕುಕ್ಕರ್ ಸೀಟಿ ಹೊಡೆಯುವ ಹೊತ್ತಿಗೆ ಸರಿಯಾಗಿ ಅವಳ ಮುಖ ನೋಡುತ್ತ ನಿಂತು ಅನ್ನ ಹೊತ್ತಿಸಿದ್ದೇನೆ. ಕೆಳಗಿನ ಮನೆಯವರು ಒಂದು ದಿನ ಮೆಟ್ಟಿಲು ಹತ್ತಿ ಬಂದು, "ಏನ್ ನಡಸೀರಿ ಅಕ್ಕಾರ, ಮನಿ ಬಿಚ್ಚಾಕತ್ತೀರೇನು?" ಎಂದರು. ನಗುತ್ತಲೇ ಕೇಳಿದ್ದು, ಆದರೆ ನನಗೆ ಮೈಯೆಲ್ಲ ಉರಿಯಿತು. ನಮ್ಮ ಮನೆ, ನಮ್ಮ ತಾಟು, ಏನಾದರೂ ಮಾಡಿಕೊಳ್ಳುತ್ತೇವೆ ಎಂದುಬಿಟ್ಟೆ. ಅವರೇ ಮನೆಯ ಮಾಲಕರು ಎಂಬುದು ಅವರು ಇಳಿದುಹೋದ ಮೇಲೆ ನೆನಪಾಯಿತು.

ನನ್ನ ಮಗಳಿಗೆ ಹಾಡೆಂದರೆ ಜೀವ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದವಳೂ ನಾನೇ. ಹೇಳಿದ್ದು ಸುಳ್ಳಲ್ಲ. ಖಾನಾಪುರದ ನನ್ನ ತವರಿನಲ್ಲಿ, ಇನ್ನೂ ಹಸುಗೂಸಾಗಿದ್ದಾಗ, ಟೇಪ್ ಹಚ್ಚಿದರೆ ಸಾಕು ಅಳು ನಿಲ್ಲಿಸುತ್ತಿದ್ದಳು. ನಾನೊಬ್ಬಳೇ ಅಲ್ಲ, ಅವ್ವ ನೋಡಿದ್ದಾಳೆ, ಬಾಜೂ ಮನೆಯ ಮರಾಠಿ ಕಾಕೂ ನೋಡಿದ್ದಾರೆ. ಬೆಳಗಾವಿಗೆ ಕರೆತಂದ ಮೇಲೆ ಅದೇ ಕೂಸು ಹಾಡಿನ ಕಡೆ ತಿರುಗಿಯೂ ನೋಡಲಿಲ್ಲ. ಅಲ್ಲಿ ಕೇಳುತ್ತಿದ್ದ ಕಿವಿ ಇಲ್ಲಿ ಯಾಕೆ ಕೇಳುವುದಿಲ್ಲ? ಈ ಮಾತು ನನ್ನನ್ನು ಕೂತಲ್ಲಿ ಕೂರಗೊಡುತ್ತಿರಲಿಲ್ಲ.

ಖಾನಾಪುರದ ಆ ಟೇಪ್ ರೆಕಾರ್ಡರನ್ನು ಅಪ್ಪ ನಾನು ಹುಟ್ಟುವ ಮೊದಲೇ ತಂದಿದ್ದರಂತೆ. ಎರಡು ಸ್ಪೀಕರು, ಮೇಲೊಂದು ಹಿಡಿಕೆ, ಬದಿಗೆ ಬಗ್ಗಿದ ಏರಿಯಲ್ಲು. ನಮ್ಮಲ್ಲಿ ಮಳೆ ಬಂದರೆ ಕರೆಂಟು ಹೋಗುತ್ತದೆ, ಮಳೆಯಂತೂ ಬಂದೇ ಬರುತ್ತದೆ, ಹೀಗಾಗಿ ಸೆಲ್ಲುಗಳಿಗೆ ವಿಪರೀತ ಮರ್ಯಾದೆ. ಸೋತ ಸೆಲ್ಲುಗಳನ್ನು ಬಿಸಿಲಿಗೆ ಒಣಗಿಸಿ ಇನ್ನೆರಡು ಹಾಡು ಹಿಂಡುತ್ತಿದ್ದೆವು. ಕ್ಯಾಸೆಟ್ಟುಗಳು ಬಿಸ್ಕಿಟಿನ ತಗಡಿನ ಡಬ್ಬಿಯಲ್ಲಿ: ಕನ್ನಡ ಭಾವಗೀತೆ, ಹಿಂದಿ ಸಿನಿಮಾ, ಕಾಕೂ ಮನೆಯಿಂದ ಬಂದು ನಮ್ಮಲ್ಲೇ ಉಳಿದ ಮರಾಠಿ ಹಾಡುಗಳು. ಅದರಲ್ಲಿ ಒಂದು ಭಾವಗೀತೆಯ ಕ್ಯಾಸೆಟ್ಟು ನನಗೆ ಉಸಿರಿದ್ದ ಹಾಗೆ. ಒಂದು ಹಾಡು ಮುಗಿದರೆ ಮುಂದಿನದು ಯಾವುದೆಂದು ನಾಲಗೆಗೇ ಗೊತ್ತಿರುತ್ತಿತ್ತು. ಎರಡನೇ ಹಾಡಿನ ಒಂದು ಚರಣದಲ್ಲಿ ಟೇಪು ಜಗ್ಗಿಹೋಗಿ ಗಾಯಕಿಯ ದನಿ ಒಮ್ಮೆ ಕೆಳಗಿಳಿದು ಮೇಲೆ ಬರುತ್ತಿತ್ತು. ಆ ಇಳಿಯುವುದನ್ನೂ ನಾನು ಹಾಡಿನ ಭಾಗವೆಂದೇ ಕಲಿತೆ.

ಆಮೇಲೆ ಕಾಲ ಬದಲಾಯಿತು. ಕಾಲೇಜಿಗೆ ಬೆಳಗಾವಿಗೆ ಬರುವಾಗ ಮೊಬೈಲ್ ಅಂಗಡಿಯಲ್ಲಿ ಮೆಮರಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಬಸ್ಸಿನಲ್ಲಿ ಕೇಳುತ್ತಿದ್ದೆ. ಅಂಗಡಿಯವನು ಯಾವ ಹಾಡನ್ನು ಯಾವುದರ ಹಿಂದೆ ಹಾಕುತ್ತಿದ್ದನೋ ದೇವರಿಗೇ ಗೊತ್ತು. ಈಗಿನ ಫೋನಂತೂ ತನಗೆ ತಿಳಿದದ್ದನ್ನು ಹಾಡುತ್ತದೆ. ಒಂದು ಹಾಡು ಮುಗಿದು ಅದರ ಬೆನ್ನಿಗೆ ಬರಬೇಕಾದದ್ದು ಬಾರದೆ ಬೇರೆಯದೇನೋ ಶುರುವಾದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಹಾಡು ಬದಲಿಸುತ್ತ, ಬದಲಿಸುತ್ತ, ಯಾವುದನ್ನೂ ಪೂರ್ತಿ ಕೇಳದೆ ಅಡುಗೆ ಮುಗಿಸುತ್ತೇನೆ.

ನಮ್ಮ ಮನೆಯವರಿಗೆ ಇದ್ಯಾವುದೂ ಅರ್ಥವಾಗುವುದಿಲ್ಲ. ಅವರು ಉದ್ಯಮಬಾಗದ ಒಂದು ಮಷೀನ್ ಶಾಪಿನಲ್ಲಿ ಕೆಲಸ ಮಾಡುತ್ತಾರೆ. ದಿನವಿಡೀ ಲೇಥಿನ ಗದ್ದಲ ಕೇಳಿ ಬಂದವರಿಗೆ ಮನೆಯಲ್ಲಿ ಸುಮ್ಮನೆ ಕೂತರೆ ಸಾಕು. ಮದುವೆಯಾದ ಹೊಸದರಲ್ಲಿ ನಾನು ಹಾಡಿನ ಜೊತೆ ಹಾಡುವುದನ್ನು ಕೇಳಿ, "ಅಲ್ಲಾ, ಆ ಹೆಣ್ಮಗಳು ಮ್ಯಾಲಿ ಹೊಂಟಾಳ, ನೀ ಯಾಕ ಕೆಳಗ ಇಳೀತಿ?" ಎಂದು ಕೇಳಿದ್ದರು. ಫೋನಿನಲ್ಲಿ ಟೇಪು ಜಗ್ಗಿರುವುದಿಲ್ಲ ಎಂದು ಅವರಿಗೆ ವಿವರಿಸಲು ಹೋಗಿ ಸೋತೆ. ಈಗಲೂ ಆ ಜಾಗ ಬಂದಾಗ ನನ್ನ ಮುಖ ನೋಡಿ ನಗುತ್ತಾರೆ.

ಹೆರಿಗೆಗೆ ಖಾನಾಪುರಕ್ಕೆ ಹೋದೆ. ಬಾಣಂತನವೆಂದರೆ ಅವ್ವನಿಗೆ ದಂಡಯಾತ್ರೆ ಇದ್ದ ಹಾಗೆ. ಗಾಳಿ ಹೋಗಬಾರದೆಂದು ನನ್ನ ಎರಡೂ ಕಿವಿಗೆ ಹತ್ತಿ ತುರುಕಿದಳು, ಮೇಲೆ ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿದಳು. ನಾನು ಹತ್ತಿ ಕಿತ್ತರೆ ಅವಳು ಮತ್ತೆ ತುರುಕುವಳು. ಹೊರಗೆ ಹೋಗುವ ಹಾಗಿಲ್ಲ, ಓದುವ ಹಾಗಿಲ್ಲ, ಫೋನು ನೋಡಿದರೆ ಕಣ್ಣು ಹಾಳು. ಉಳಿದದ್ದು ಟೇಪು ಒಂದೇ. ಅದರ ವಾಯರು ಗಿಡ್ಡ, ಪ್ಲಗ್ಗು ಮಂಚದ ಹಿಂದೆ. ಹಾಗಾಗಿ ಅದನ್ನು ಅಪ್ಪನ ಕಾಲದ ಸಾಗವಾನಿ ಮಂಚದ ತಲೆಹಲಗೆಗೆ ಒತ್ತಿ ಇಟ್ಟುಕೊಂಡೆ. ಹತ್ತಿಯೊಳಗಿಂದ ಕೇಳಬೇಕಲ್ಲ, ದನಿಯನ್ನು ಪೂರ್ತಿ ಏರಿಸುತ್ತಿದ್ದೆ. ಕೂಸು ಪಕ್ಕದಲ್ಲೇ, ಅದೇ ಮಂಚದ ಹಲಗೆಯ ಮೇಲೆ, ತೆಳ್ಳನೆಯ ಕೌದಿಯಲ್ಲಿ.

"ಇಷ್ಟ್ ಜೋರ್ ಹಚ್ಚಿದ್ರೂ ಹೆಂಗ ಬೆಚ್ಚದ ಮಲಗೇತಿ ನೋಡು," ಎನ್ನುತ್ತಿದ್ದಳು ಅವ್ವ. "ನಿನ್ನ ಮಗಳ ಖರೇ ಇದು."

ಕಾಕೂ ಬಾಗಿಲಲ್ಲಿ ನಿಂತು, ಬಾಳ ಶಾಣ್ಯಾ ಕೂಸು ಎಂದು ದೃಷ್ಟಿ ತೆಗೆದು ಹೋಗುತ್ತಿದ್ದರು. ಮನೆಯ ಹಿಂದೆಯೇ ರೈಲು ಹಳಿ. ಗೂಡ್ಸ್ ಗಾಡಿ ಹೋದರೆ ಕಿಟಕಿಯ ಸರಳು, ಗೋಡೆಯ ಫೋಟೋ, ಮಂಚ ಎಲ್ಲ ನಡುಗುತ್ತವೆ. ಆಗ ಕೂಸು ಕಣ್ಣು ಬಿಡುತ್ತಿತ್ತು. ಹಾಡಿಗೆ ನಿದ್ದೆ, ರೈಲಿಗೆ ಎಚ್ಚರ. ಇಂಥ ಕೂಸಿನ ಕಿವಿಯ ಬಗ್ಗೆ ಯಾರಿಗೆ ಅನುಮಾನ ಬಂದೀತು? ನಾನು ಹತ್ತಿ ತುರುಕಿದ ಕಿವಿಯಲ್ಲಿ ಮಲಗಿ, ನನ್ನ ಹಾಡುಗಳನ್ನು ಪಡೆಯಲು ಒಬ್ಬಳು ಬಂದಳು ಎಂದು ಸುಖಪಡುತ್ತಿದ್ದೆ. ಅಷ್ಟು ಸುಖವಾಗಿ ನಾನು ಹಿಂದೆಂದೂ ಇದ್ದವಳಲ್ಲ.

ಐದನೇ ತಿಂಗಳಿಗೆ ಬೆಳಗಾವಿಗೆ ಬಂದೆವು. ಇವರು ಆಸೆಪಟ್ಟು ಬ್ಲೂಟೂತ್ ಸ್ಪೀಕರ್ ತಂದು ಗೋಡೆಯ ಮೊಳೆಗೆ ತೂಗುಹಾಕಿದ್ದರು. ಹಾಡು ಹಚ್ಚಿದೆ. ಕೂಸು ಫ್ಯಾನು ನೋಡುತ್ತ ಮಲಗಿತ್ತು. ಇನ್ನಷ್ಟು ಏರಿಸಿದೆ. ಫ್ಯಾನೇ. ಅತ್ತರೆ ಹಾಡಿನಿಂದ ಸುಮ್ಮನಾಗಲಿಲ್ಲ, ಎತ್ತಿಕೊಂಡು ತಟ್ಟಬೇಕಾಯಿತು. ಹೆಸರು ಕರೆದರೆ ನೋಡುವುದಿಲ್ಲ, ಎದುರು ಬಂದರೆ ಮಾತ್ರ ಬಾಯಿ ತುಂಬ ನಗು. ಅಲ್ಲಿಂದ ಶುರುವಾಯಿತು ನನ್ನ ತಾಟು, ಚಮಚೆ, ಚಪ್ಪಾಳೆ. ಒಂದು ಸಲ ತಿರುಗಿ ನೋಡಿದರೆ ಮನಸ್ಸು ಹಗುರ, ಮರುಗಳಿಗೆ ಅದು ನನ್ನ ನೆರಳಿಗೆ ತಿರುಗಿದ್ದೋ ಏನೋ ಎಂಬ ಸಂಶಯ. ಹೆರಿಗೆ ರಜೆ ಮುಗಿದು, ಕೂಸನ್ನು ಬೇಬಿ ಸಿಟ್ಟಿಂಗಿನಲ್ಲಿ ಬಿಟ್ಟು ಆಫೀಸಿನಲ್ಲಿ ಕೂತರೂ ಅದೇ. ಬರೆಯುತ್ತಿದ್ದ ಕೈ ನಿಂತು, ಮನೆಗೆ ಹೋಗಿ ಇನ್ನೊಂದು ಹೊಸ ಸಪ್ಪಳ ಮಾಡಿ ನೋಡಬೇಕು ಎನಿಸುತ್ತಿತ್ತು.

ಲಸಿಕೆಗೆ ಹೋದಾಗ ಮಕ್ಕಳ ಡಾಕ್ಟರು, ಒಮ್ಮೆ ಕಿವಿಯ ಪರೀಕ್ಷೆ ಮಾಡಿಸಿಬಿಡಿ ಎಂದಿದ್ದರು. ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ನಮ್ಮ ಮನ್ಯಾಗ ಎಲ್ಲಾರೂ ತಡಾ ಮಾಡೇ ಮಾತಾಡ್ಯಾರ. ಸಣ್ಣ ಕೂಸಿನ ತಲಿಗೆ ವಾಯರ್ ಹಚ್ಚತಾರಂತ, ಸುಳ್ಳ ಯಾಕ? ವರ್ಷ ತುಂಬಲಿ ತಡಿ," ಎಂದಳು ಅವ್ವ ಫೋನಿನಲ್ಲಿ. ಇವರು ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಗಣಪತಿ ಕಳಿಸುವ ದಿನ ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆರವಣಿಗೆ ನೋಡಲು ಹೋದೆವು. ಡೀಜೆ ಗಾಡಿ ಹತ್ತಿರ ಬಂದದ್ದೇ ತಡ, ಕೂಸು ಅವರ ತಲೆಗೂದಲು ಹಿಡಿದು ಕುಣಿಯತೊಡಗಿತು. "ನೋಡಿದಿ? ಕೇಳಾಕತ್ತೈತಿಲ್ಲೋ?" ಎಂದು ಅವರು ಗದ್ದಲದಲ್ಲಿ ಕೂಗಿದರು. ಎಷ್ಟೋ ದಿನಗಳ ನಂತರ ಅವರ ಮುಖ ಅರಳಿತ್ತು. ನನಗೂ ನಂಬಬೇಕೆನಿಸಿತು.

ಆ ವಾರವೇ ನನಗೆ ಹೊಳೆಯಿತು, ಅಥವಾ ಹೊಳೆಯಿತೆಂದು ಭಾವಿಸಿದೆ: ಇವಳಿಗೆ ಫೋನಿನ ಹಾಡು ಸೇರುವುದಿಲ್ಲ, ಟೇಪೇ ಬೇಕು. ಹುಟ್ಟಿದಾಗಿನಿಂದ ಕೇಳಿದ ದನಿ ಅದು. ತಾಯಿಗೇ ಫೋನಿನ ಹಾಡು ಒಗ್ಗದಿದ್ದ ಮೇಲೆ ಮಗಳಿಗೆ ಹೇಗೆ ಒಗ್ಗೀತು? ಭಾನುವಾರ ಕೂಸನ್ನು ಇವರ ಹತ್ತಿರ ಬಿಟ್ಟು ಖಾನಾಪುರಕ್ಕೆ ಹೋಗಿ ಟೇಪನ್ನೂ ಡಬ್ಬಿಯನ್ನೂ ಹೊತ್ತುಕೊಂಡು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಪಕ್ಕದ ಸೀಟಿನ ಅಜ್ಜ ದಾರಿಯುದ್ದಕ್ಕೂ, "ಮಾರೂದೈತೇನವ್ವಾ?" ಎಂದು ಕೇಳುತ್ತಲೇ ಇದ್ದ. ಮನೆಗೆ ಬಂದು, ಇವರು ಸಂಜೆಯ ಪಾಳಿಗೆ ಹೊರಟದ್ದೇ, ಪ್ಲಗ್ಗು ಹತ್ತಿರವಿದ್ದ ಮಂಚದ ಮೇಲೆ, ತಲೆಹಲಗೆಗೆ ಒತ್ತಿ ಇಟ್ಟು ಹಚ್ಚಿದೆ. ಹಲಗೆಗೆ ಬೆನ್ನು ಕೊಟ್ಟು ಕೂತಿದ್ದ ಕೂಸು ಕೈಯಲ್ಲಿದ್ದ ಆಟಿಕೆ ಬಿಟ್ಟು ಸುಮ್ಮನಾಯಿತು. ಆಮೇಲೆ ನಕ್ಕಿತು.

ನಾನು ಅತ್ತೆ. ಅವ್ವನಿಗೆ ಫೋನು ಮಾಡಿದೆ, ಇವರಿಗೆ ಕೆಲಸದಲ್ಲಿದ್ದಾಗಲೇ ಫೋನು ಮಾಡಿದೆ, ಕೆಳಗಿನ ಮನೆಗೆ ಹೋಗಿ ಮಾಲಕರಿಗೆ ಶಿರಾ ಕೊಟ್ಟು ಬಂದೆ. ನನ್ನ ಮಗಳಿಗೆ ಕಿವಿ ಕೇಳುತ್ತದೆ, ಬರೀ ಕೇಳುವುದಲ್ಲ, ಆರಿಸಿ ಕೇಳುತ್ತದೆ ಎಂದು ಮೂರು ನಾಲ್ಕು ದಿನ ನೆಲಕ್ಕೆ ಕಾಲಿಡದೆ ಓಡಾಡಿದೆ.

ನನಗೆ ರಜೆಯಿದ್ದ ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಟೇಪು ಸೆಲ್ಲಿನ ಮೇಲೆ ಹಾಡುತ್ತಿತ್ತು. ಕೂಸು ಹಾಸಿಗೆ ಒದ್ದೆ ಮಾಡಿಕೊಂಡಿತು, ಚಾದರ ಬದಲಿಸಬೇಕೆಂದು ಟೇಪನ್ನು ಹಿಡಿಕೆ ಹಿಡಿದು ಎತ್ತಿದೆ. ಕೂಸು ತಟ್ಟನೆ ತಲೆಯೆತ್ತಿ, ಮುಖ ಕಿವುಚಿ, ಅಳತೊಡಗಿತು. ಹಾಡು ನಿಂತಿತೇನೋ ಎಂದುಕೊಂಡೆ. ನಿಂತಿರಲಿಲ್ಲ. ನನ್ನ ಕೈಯಲ್ಲೇ, ಅವಳ ಕಿವಿಯ ಒಂದು ಗೇಣು ದೂರದಲ್ಲಿ, ಗಾಯಕಿ ಜೋರಾಗಿ ಹಾಡುತ್ತಿದ್ದಳು. ಟೇಪನ್ನು ಹಲಗೆಗೆ ಒತ್ತಿ ಇಟ್ಟೆ. ಅಳು ನಿಂತಿತು. ಎತ್ತಿದೆ. ಅತ್ತಳು. ಇಟ್ಟೆ. ಸುಮ್ಮನಾದಳು. ಮತ್ತೊಮ್ಮೆ ಎತ್ತುವ ಧೈರ್ಯ ನನಗೆ ಬರಲಿಲ್ಲ.

ಇವರು ಪಾಳಿ ಮುಗಿಸಿ ಬಂದಾಗ ನಾನು ಅದನ್ನೇ ಮಾಡಿ ತೋರಿಸಿದೆ. ಅವರು ಚೀಲವನ್ನೂ ಕೆಳಗಿಡದೆ ನೋಡಿದರು. ಆಮೇಲೆ ಹತ್ತಿರ ಬಂದು ಮಂಚದ ಹಲಗೆಯ ಮೇಲೆ ಅಂಗೈ ಇಟ್ಟು ನಿಂತರು.

"ಹಲಗಿಗೆ ಬರಾಕತ್ತೈತಿ," ಎಂದರು. ಕೂಸಿನ ಬೆನ್ನು ಮುಟ್ಟಿ ನೋಡಿ, "ಆಕಿ ಬೆನ್ನಲೇ ಕೇಳಾಕತ್ತಾಳ," ಎಂದರು.

ಮೆರವಣಿಗೆಯ ಡೀಜೆಯೂ ಹಾಗೇ ಎದೆಗೂಡಿಗೆ ಬಡಿದಿತ್ತು ಎಂಬುದು ನನಗೆ ನೆನಪಾಯಿತು. ಅವರಿಗೂ ಅದೇ ನೆನಪಾಗಿತ್ತು ಎಂದು ಕಾಣುತ್ತದೆ, ಹೆಗಲು ಸವರಿಕೊಳ್ಳುತ್ತಿದ್ದರು.

ಅವ್ವನಿಗೆ ಫೋನು ಮಾಡಿದಾಗ ಅವಳು ನಂಬಲೇ ಇಲ್ಲ.

"ಏನೇನರೆ ಮಾತಾಡಬ್ಯಾಡ. ಇಲ್ಲೆ ರೈಲಿನ ಸಪ್ಪಳಕ್ಕ ಎಚ್ಚರಾಗ್ತಿದ್ಲಿಲ್ಲೋ?"

"ಮಂಚ ನಡಗತಿತ್ತವ್ವಾ."

"ನಾ ನಾಳೆ ಬರ್ತೀನಿ ತಡಿ," ಎಂದಳು. ಮರುದಿನ ಮೊದಲ ಬಸ್ಸಿಗೇ ಬಂದು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಅದರ ಕಿವಿಯನ್ನು ಹೊರಳಿಸಿ ಹೊರಳಿಸಿ ನೋಡುತ್ತ ಕೂತಳು. ಹೊರಗಿನಿಂದ ಆ ಕಿವಿಗಳು ಎಷ್ಟು ಚಂದ ಇದ್ದವು!

ನನಗೆ ಆ ಟೇಪಿನ ಮೇಲೆ ಬಂದ ಸಿಟ್ಟನ್ನು ಹೇಳಲಾರೆ. ಮಾತಿಲ್ಲದ ವಸ್ತುವಿನ ಮೇಲೆ ಯಾಕೆ ಎಂದರೆ, ಇಷ್ಟು ದಿನ ಸುಳ್ಳು ಸಾಕ್ಷಿ ಹೇಳಿದ್ದು ಅದೇ ಅಲ್ಲವೇ? ಎತ್ತಿ ಲಾಫ್ಟಿನ ಮೇಲೆ ಇಟ್ಟೆ. ಫೋನಿನ ಹಾಡೂ ಬೇಡ. ಮನೆಯಲ್ಲಿ ಮೂರು ಮಂದಿ ಪಾತ್ರೆಯ ಸಪ್ಪಳವನ್ನೂ ಮಾಡದೆ ಓಡಾಡಿದೆವು, ಕೇಳಿಸದವಳಿಗೆ ತೊಂದರೆಯಾದೀತು ಎಂಬ ಹಾಗೆ. ಕೂಸು ಮಾತ್ರ ಬೆಳಗಾದರೆ ಮಂಚದ ತಲೆಹಲಗೆಗೆ ತೆವಳಿಕೊಂಡು ಹೋಗಿ, ಅಂಗೈಯಿಂದ ತಟ್ಟಿ, ಕಾಯುತ್ತಿತ್ತು. ಮತ್ತೆ ತಟ್ಟುತ್ತಿತ್ತು. ನಮ್ಮ ಕಡೆ ನೋಡುತ್ತಿತ್ತು. ಎರಡನೇ ದಿನಕ್ಕೆ ಇವರೇ ಸ್ಟೂಲು ಹತ್ತಿ ಟೇಪನ್ನು ಕೆಳಗಿಳಿಸಿದರು.

ಕಿವಿಯ ಪರೀಕ್ಷೆಗೆ ದಿನ ಗೊತ್ತುಮಾಡಿಕೊಂಡೆವು. ಅದು ನಿದ್ದೆಯಲ್ಲಿ ಆಗಬೇಕು. ಬೆಳಗಿನಿಂದ ಮಲಗಿಸಬೇಡಿ, ದಣಿಸಿ ಕರೆತನ್ನಿ ಎಂದಿದ್ದರು. ಸ್ಕೂಟರಿನಲ್ಲಿ ಸದಾಶಿವನಗರದಿಂದ ಹಿಡಿದು ಕೋಟೆಯವರೆಗೆ ಅವಳನ್ನು ಸುತ್ತಿಸಿದೆವು. ಗಾಡಿ ಓಡಿದರೆ ಅವಳಿಗೆ ನಿದ್ದೆ, ನಿಂತರೆ ಎಚ್ಚರ. ಕೋಟೆಯ ಬಾಗಿಲ ಹತ್ತಿರ ಇಳಿದು, ಬಸದಿಯ ಎದುರಿನ ನೆರಳಲ್ಲಿ ಅವಳನ್ನು ನಿಲ್ಲಿಸಿ, ಕಚಗುಳಿಯಿಟ್ಟು, ನೀರು ಚಿಮುಕಿಸಿ ಎಚ್ಚರವಾಗಿಟ್ಟೆ. ತೂಕಡಿಸುವ ಕೂಸನ್ನು ತಾಯಿಯೇ ಮಲಗಗೊಡದೆ ಕಾಡುವುದು ಎಂಥ ಕರ್ಮ. ಪಾಪ, ಪ್ರತಿ ಸಲವೂ ನನ್ನ ಮುಖ ನೋಡಿ ನಗಲು ಪ್ರಯತ್ನಿಸುತ್ತಿದ್ದಳು.

ಆಸ್ಪತ್ರೆಯಲ್ಲಿ ಅವಳು ನಿದ್ದೆಹೋದ ಮೇಲೆ ತಲೆಗೆ ತಂತಿ ಅಂಟಿಸಿದರು, ಕಿವಿಗೆ ಮೊಗ್ಗಿನಷ್ಟು ಸಣ್ಣ ಸ್ಪೀಕರ್ ಇಟ್ಟರು. ಪರದೆಯ ಮೇಲೆ ಗೆರೆಗಳು ಓಡಿದವು. ನನಗೆ ಆ ಗೆರೆ ತಿಳಿಯುವುದಿಲ್ಲ, ಆದ್ದರಿಂದ ಪರೀಕ್ಷೆ ಮಾಡುವ ಹುಡುಗಿಯ ಮುಖ ನೋಡುತ್ತ ಕೂತೆ. ಚಿಕ್ಕ ವಯಸ್ಸಿನವಳು, ಸಮಾಧಾನದವಳು. ಮುಗಿಸಿ, ಕುರ್ಚಿ ಎಳೆದುಕೊಂಡು ನಮ್ಮೆದುರು ಕೂತಳು.

"ಎರಡೂ ಕಿವಿ ಬಾಳ ಕಮ್ಮಿ ಐತ್ರಿ," ಎಂದಳು. "ಪೂರಾ ಇಲ್ಲಂತಲ್ಲ. ಕಿವಿ ಮಷೀನ್ ಹಾಕಿ ನೋಡೂಣು. ಅದರಾಗ ಎಷ್ಟ್ ಕೇಳಸ್ತೈತಿ ನೋಡಿ ಮುಂದಿಂದು ಹೇಳ್ತೀನ್ರಿ. ಲಗೂನ ಬಂದ್ರಿ, ಚಲೋ ಆತು."

ಲಗೂನ, ಅಂದರೆ ತಡವಾಗಿಲ್ಲ, ಎಂಬ ಮಾತಿಗೆ ನಾನು ಜೋತುಬಿದ್ದೆ. ಮನೆಗೆ ಬರುವವರೆಗೂ ಅದೊಂದನ್ನೇ ಬಾಯಲ್ಲಿ ಹೇಳಿಕೊಂಡೆ. ಅವ್ವ ಎಲ್ಲವನ್ನೂ ಕೇಳಿ, "ಮಷೀನ್ ಹಾಕಿದ ಮ್ಯಾಲೆ ನನ್ನ ದನಿ ಕೇಳಸ್ತೈತೇನ?" ಎಂದಷ್ಟೇ ಕೇಳಿದಳು. ಗೊತ್ತಿಲ್ಲ ಎಂದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ನನ್ನ ಸ್ವಭಾವದಲ್ಲೇ ಇಲ್ಲ, ಆದರೆ ಅಂದು ಬೇರೆ ಮಾತು ಬರಲಿಲ್ಲ.

ಮಷೀನು ತಯಾರಾಗಿ ಬರುವವರೆಗಿನ ದಿನಗಳಲ್ಲಿ ನಾವಿಬ್ಬರೂ ಜಗಳಾಡಿದ್ದು ಒಂದೇ ವಿಷಯಕ್ಕೆ. ಅವಳು ಮೊದಲು ಕೇಳಬೇಕಾದ ಹಾಡು ಯಾವುದು? ನನ್ನದು ನಿರ್ಧಾರವಾಗಿತ್ತು: ಆ ಭಾವಗೀತೆ, ಆ ಕ್ಯಾಸೆಟ್ಟು, ಆ ಟೇಪು. ಜನ್ಮದಲ್ಲಿ ಹಾಡಿನ ಬಗ್ಗೆ ಮಾತಾಡದವರಿಗೆ ಈಗ ಅಭಿಪ್ರಾಯ ಹುಟ್ಟಿತು.

"ಮೊದಲನೇ ಸಲ ಕೇಳಾಕಿ. ಅದು ಜಗ್ಗಿದ ಟೇಪು. ಫೋನ್‌ನಾಗಿಂದ ಸ್ವಚ್ಛ ಕೇಳ್ಲಿ ಬಿಡು."

"ಆಕಿ ಕೈಲೇ ಬೆನ್ನಲೇ ಇಷ್ಟ್ ದಿನಾ ಕೇಳಿದ್ದು ಅದನ್ನಽ ರೀ. ಅದು ಅಂದ್ರ ಏನು ಅಂತ ಆಕಿಗೆ ಗೊತ್ತಾಗೂದು ಬ್ಯಾಡೇನು?"

ನನ್ನದೇ ನಡೆಯಿತು. ನಾನು ಕ್ಯಾಸೆಟ್ಟನ್ನು ಸುತ್ತಿ ಸುತ್ತಿ ಹಾಡಿನ ಮೊದಲಿಗೆ ತಂದಿಟ್ಟೆ. ಮಷೀನು ಹಾಕುವ ದಿನ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಟೇಪು, ಹಿಂದೆ ನಾನು, ನಮ್ಮಿಬ್ಬರ ನಡುವೆ ಕೂಸು. ಪರೀಕ್ಷೆ ಮಾಡಿದ್ದ ಆ ಹುಡುಗಿ ಟೇಪನ್ನು ನೋಡಿ ನಕ್ಕು, "ಇದನ್ನ ಎಲ್ಲಿಂದ ತಂದ್ರಿ? ನಮ್ಮಜ್ಜನ ಮನ್ಯಾಗಿತ್ತ ಇಂಥಾದು," ಎಂದಳು. ಇವರು ಅದನ್ನು ಮೇಜಿನ ಮೇಲಿಟ್ಟು, ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾದರು. ನನಗೆ, ಅವಳಿಗೆ ಏನೂ ಕೇಳಿಸದೇ ಹೋದರೆ ಎಂಬ ಹೆದರಿಕೆ ಒಂದು ಕಡೆ, ಕೇಳಿಸಿಯೂ ನನ್ನ ಹಾಡು ಅವಳಿಗೆ ಹಿಡಿಸದೇ ಹೋದರೆ ಎಂಬ ನಾಚಿಕೆಗೇಡಿನ ಹೆದರಿಕೆ ಇನ್ನೊಂದು ಕಡೆ.

ಕಿವಿಯಲ್ಲಿ ಮಷೀನಿನ ಮೆತ್ತನೆಯ ಅಚ್ಚು ಕೂರಿಸುವುದಕ್ಕೇ ಕೂಸು ರಂಪ ಮಾಡಿತು. ಗುರುತಿಲ್ಲದ ಕೈ, ಕಿವಿಯೊಳಗೆ ಏನೋ ತುರುಕುತ್ತಿದೆ, ತಾಯಿ ಬೇರೆ ತಲೆ ಹಿಡಿದುಕೊಂಡಿದ್ದಾಳೆ. ಕೈಕಾಲು ಬಡಿದು, ಮುಖ ಕೆಂಪಾಗಿ, ಖೋಲಿ ಹಾರಿಹೋಗುವ ಹಾಗೆ ಅತ್ತಳು. ಅಳುವಿನ ನಡುವೆಯೇ ಆ ಹುಡುಗಿ ಎರಡನೇ ಕಿವಿಯದ್ದನ್ನೂ ಸಿಕ್ಕಿಸಿ ಮಷೀನು ಚಾಲೂ ಮಾಡಿದಳು.

ಅಳು ಅರ್ಧಕ್ಕೆ ನಿಂತಿತು.

ಬಾಯಿ ತೆರೆದೇ ಇತ್ತು. ಕೆನ್ನೆಯ ಮೇಲೆ ನೀರು. ಅವಳು ಬಲಕ್ಕೆ ನೋಡಿದಳು. ಹಿಂದೆ ತಿರುಗಿ, ಬಾಗಿಲ ಕಡೆ ನೋಡಿದಳು. ಅಲ್ಲಿ ಇನ್ನೊಂದು ಕೂಸು ಅಳುತ್ತಿದೆಯೇ ಎಂದು ಹುಡುಕುವವಳ ಹಾಗೆ ಬಾಗಿ ಮೇಜಿನ ಕೆಳಗೂ ನೋಡಿದಳು. ಯಾರೂ ಇರಲಿಲ್ಲ. ಆಮೇಲೆ ನನ್ನ ಬಾಯಿಯನ್ನು ದಿಟ್ಟಿಸಿದಳು. ನಾನು ತುಟಿ ಬಿಗಿಹಿಡಿದುಕೊಂಡಿದ್ದೆ. ಅವಳು ಮೆಲ್ಲಗೆ, ಅಳುವೇನೂ ಬಾರದಿದ್ದರೂ, "ಆಂ" ಎಂದಳು. ಎಂದು, ಹುಬ್ಬೇರಿಸಿ, ಸುಮ್ಮನೆ ಕೂತಳು. ಇನ್ನೊಮ್ಮೆ "ಆಂ" ಎಂದಳು, ಈ ಸಲ ಸ್ವಲ್ಪ ಉದ್ದಕ್ಕೆ.

"ಹಚ್ಚಲೇನ?" ಎಂದು ಇವರು ಪಿಸುಗುಟ್ಟಿದರು. ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು.

"ಬ್ಯಾಡ, ತಡೀರಿ," ಎಂದೆ. "ಆಕಿ ತನ್ನ ದನಿ ಕೇಳಾಕತ್ತಾಳ."